ಕೈತೋಟದಲ್ಲಿ ಸಣ್ಣ ನೊಣಗಳ ಕಾಟವೇ? ಹೊಡೆಯುವ ಮೊದಲು ಅವು ಹುಟ್ಟುವ ಜಾಗ ಹುಡುಕಿ

ಜೂನ್‌ನಲ್ಲಿ ಮಳೆ ಹಿಡಿದು ಒಂದೆರಡು ವಾರ ಆಗುವಷ್ಟರಲ್ಲಿ ತಾರಸಿ ತೋಟ ಮಾಡುವವರ ಮನೆಗಳಲ್ಲಿ ಒಂದೇ ದೂರು ಶುರುವಾಗುತ್ತದೆ. ಕುಂಡಕ್ಕೆ ನೀರು ಹಾಕಿದರೆ ಕಪ್ಪು ಸಣ್ಣ ನೊಣಗಳು ಗುಂಪಾಗಿ ಏಳುತ್ತವೆ. ಕಾಂಪೋಸ್ಟ್ ಡಬ್ಬದ ಮುಚ್ಚಳ ತೆಗೆದರೆ ಮುಖಕ್ಕೇ ಬಂದು ಬಡಿಯುತ್ತವೆ. ಟೊಮೆಟೊ, ಬದನೆ ಗಿಡ ಸ್ವಲ್ಪ ಅಲುಗಾಡಿಸಿದರೆ ಹಿಟ್ಟು ಕೊಡವಿದ ಹಾಗೆ ಬಿಳಿ ನೊಣಗಳು ಹಾರುತ್ತವೆ. ಕೆಲವರು ಇವಕ್ಕೆಲ್ಲ ಗುಂಗಾಡು ಅನ್ನುತ್ತಾರೆ, ಕೆಲವರು ನೊರಜು ಅನ್ನುತ್ತಾರೆ. ಎಲ್ಲರೂ ಕೇಳುವುದು ಮಾತ್ರ ಒಂದೇ: "ಇದಕ್ಕೆ ಏನು ಹೊಡೀಬೇಕು?"

ನನ್ನ ಉತ್ತರ ಯಾವಾಗಲೂ ಇದೇ. ಇವತ್ತು ಏನೂ ಹೊಡೆಯಬೇಡಿ. ಮೊದಲು ನೋಡಿ. ಮೇಲೆ ಹೇಳಿದ ಮೂರೂ ಬೇರೆ ಬೇರೆ ಹುಳಗಳು. ಒಂದಕ್ಕೆ ನಾಟುವ ಉಪಾಯ ಇನ್ನೊಂದಕ್ಕೆ ಸುಮ್ನೆ ದಂಡ. ಇನ್ನೂ ಮುಖ್ಯವಾದ ಮಾತು ಏನೆಂದರೆ, ಕಣ್ಣೆದುರು ಹಾರುವ ನೊಣಗಳು ಆ ಸಂಸಾರದ ಒಂದು ಪಾಲು ಮಾತ್ರ. ಮೊಟ್ಟೆ, ಮರಿಗಳೆಲ್ಲ ಒದ್ದೆ ಮಣ್ಣಿನಲ್ಲೋ, ಕೊಳೆತ ಸಿಪ್ಪೆಯಲ್ಲೋ, ಎಲೆಯ ಅಡಿಯಲ್ಲೋ ಇರುತ್ತವೆ. ಇವತ್ತು ಹಾರುವವನ್ನೆಲ್ಲ ಕೊಂದರೂ ಮುಂದಿನ ವಾರಕ್ಕೆ ಹೊಸ ತಂಡ ತಯಾರಾಗಿರುತ್ತದೆ. ಹಾಗಾಗಿ ಇಲ್ಲಿ ನೊಣ ಕೊಲ್ಲುವ ಮಾತು ಕಡಿಮೆ, ಅದು ಹುಟ್ಟುವ ಜಾಗ ಕೆಡಿಸುವ ಮಾತು ಜಾಸ್ತಿ.

ಮೊದಲ ಕೆಲಸ: ಎಲ್ಲಿಂದ ಏಳುತ್ತವೆ ನೋಡಿ

ಬೆಳಗ್ಗೆ ನೀರು ಹಾಕುವ ಮೊದಲು ತೋಟಕ್ಕೆ ಹೋಗಿ. ಆಗ ಗಾಳಿ ಕಡಿಮೆ ಇರುತ್ತದೆ. ಒಂದೊಂದೇ ಕುಂಡದ ಅಂಚಿಗೆ ಬೆರಳಿನಿಂದ ತಟ್ಟಿ. ನೊಣ ಮಣ್ಣಿನಿಂದ ಏಳುತ್ತದೋ, ಎಲೆಯಿಂದ ಏಳುತ್ತದೋ ಗಮನಿಸಿ. ಆಮೇಲೆ ಎಲೆಗಳನ್ನು ಕೈಯಿಂದ ಮೆಲ್ಲಗೆ ಸವರಿ. ಕಾಂಪೋಸ್ಟ್ ಡಬ್ಬ, ನೀರು ಹೋಗುವ ಜಾಲರಿ, ಕುಂಡದ ಕೆಳಗಿನ ತಟ್ಟೆ, ಮೂಲೆಯಲ್ಲಿಟ್ಟ ಗೊಬ್ಬರದ ಚೀಲ, ಇವಿಷ್ಟನ್ನೂ ಒಮ್ಮೆ ಅಲುಗಾಡಿಸಿ.

ಇಷ್ಟರಲ್ಲಿ ಗೊತ್ತಾಗದಿದ್ದರೆ ಹಳದಿ ಅಂಟು ಕಾರ್ಡು ಇಡಿ. ಗೊಬ್ಬರ, ಬೀಜ ಮಾರುವ ಅಂಗಡಿಗಳಲ್ಲಿ ಸಿಗುತ್ತದೆ. ಮನೆಯಲ್ಲೇ ಮಾಡಿಕೊಳ್ಳಬಹುದು ಕೂಡ. ಗಾಢ ಹಳದಿ ಬಣ್ಣದ ಪ್ಲಾಸ್ಟಿಕ್ ಹಾಳೆ ಅಥವಾ ಹಳೆಯ ಫೈಲಿನ ರಟ್ಟು ಕತ್ತರಿಸಿ, ಮೇಲೆ ತೆಳ್ಳಗೆ ಹರಳೆಣ್ಣೆ ಸವರಿದರೆ ಆಯಿತು. ಒಂದನ್ನು ಮಣ್ಣಿನ ಮೇಲೆ ಅಡ್ಡಲಾಗಿ ಮಲಗಿಸಿ. ಇನ್ನೊಂದನ್ನು ಗಿಡದ ತುದಿಯ ಎತ್ತರಕ್ಕೆ ಕಟ್ಟಿ. ಮತ್ತೊಂದು ಕಾಂಪೋಸ್ಟ್ ಡಬ್ಬದ ಹತ್ತಿರ ಇರಲಿ. ಮಾರನೇ ದಿನ ಅಂಟಿಕೊಂಡ ಹುಳಗಳ ಫೋಟೊ ತೆಗೆದು ದೊಡ್ಡದು ಮಾಡಿ ನೋಡಿ.

ಮಣ್ಣಿನಿಂದ ಎದ್ದದ್ದು ಕಪ್ಪಗೆ ತೆಳ್ಳಗೆ ಇದ್ದು, ಉದ್ದ ಕಾಲು, ಮಣಿ ಪೋಣಿಸಿದಂಥ ಮೀಸೆ ಇದ್ದರೆ ಅದು ಫಂಗಸ್ ನ್ಯಾಟ್. ಅಳತೆ 2ರಿಂದ 4 ಮಿಲಿಮೀಟರ್. ಮರಿ ಸೊಳ್ಳೆ ಅಂತ ತಪ್ಪು ತಿಳಿಯುವುದು ಸುಲಭ, ಆದರೆ ಇದು ಕಚ್ಚುವುದಿಲ್ಲ. ಜೋರಾಗಿ ಹಾರಲೂ ಬರುವುದಿಲ್ಲ. ಸ್ವಲ್ಪ ಎದ್ದು ಮತ್ತೆ ಅದೇ ಕುಂಡದ ಅಂಚಿಗೆ ಬಂದು ನಡೆದಾಡುತ್ತದೆ.

ಕಾಂಪೋಸ್ಟ್ ಹತ್ತಿರದ್ದು ಕಂದು ಮೈ, ಕೆಂಪು ಕಣ್ಣು, ಸ್ವಲ್ಪ ಗುಂಡಗೆ ಇದ್ದರೆ ಅದು ಡ್ರೊಸೊಫಿಲಾ. ಅಡುಗೆಮನೆಯಲ್ಲಿ ಬಾಳೆಹಣ್ಣಿನ ಚಿಪ್ಪಿನ ಸುತ್ತ ಇರುವುದೂ ಇದೇ. ಡಬ್ಬದ ಗೋಡೆಯ ಮೇಲೆ ಹಾರದೆ ಗಡಿಬಿಡಿಯಿಂದ ಓಡಾಡುವ ಗೂನು ಬೆನ್ನಿನ ನೊಣ ಕಂಡರೆ ಅದು ಫೋರಿಡ್. ಎರಡಕ್ಕೂ ಉಪಾಯ ಒಂದೇ.

ಜಾಲರಿಯಿಂದ ಎದ್ದದ್ದು ಮೈತುಂಬ ರೋಮ ಇದ್ದು, ಅಗಲ ರೆಕ್ಕೆ ಹರಡಿ ಗೋಡೆಗೆ ಅಂಟಿ ಕೂತರೆ ಅದು ಚರಂಡಿ ನೊಣ. ಅದಕ್ಕೆ ತೋಟದಲ್ಲಿ ಏನೂ ಮಾಡಬೇಕಿಲ್ಲ. ಪೈಪಿನ ಒಳಗೋಡೆಗೆ ಕಟ್ಟಿದ ಲೋಳೆಯನ್ನು ಬ್ರಷ್‌ನಿಂದ ತಿಕ್ಕಿ ತೆಗೆಯಿರಿ, ಮುಗಿಯಿತು.

ಎಲೆಯಡಿಯಿಂದ ಎದ್ದು ಮತ್ತೆ ಎಲೆಯಡಿಗೇ ಹೋಗಿ ಕೂರುವ ಒಂದು ಮಿಲಿಮೀಟರಿನ ಬಿಳಿ ಹುಳ ಬಿಳಿ ನೊಣ. ನಿಜವಾಗಿ ಇದು ನೊಣದ ಜಾತಿಯೇ ಅಲ್ಲ, ಸಸ್ಯಹೇನಿನ ಬಳಗ. ಅದಕ್ಕೇ ನೊಣಕ್ಕೆ ಇಡುವ ವಿನೆಗರ್ ಬಟ್ಟಲಿಗೆ ಇದು ಬೀಳುವುದಿಲ್ಲ.

ಕುಂಡದ ಮಣ್ಣಿನ ಕಪ್ಪು ನೊಣ

ಇದರ ಬಗ್ಗೆ ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ. ತಾರಸಿ ತೋಟದಲ್ಲಿ ಹತ್ತಕ್ಕೆ ಎಂಟು ದೂರು ಇದರದ್ದೇ ಅಂತ ನನಗೆ ಅನ್ನಿಸುತ್ತದೆ. ಹಿಂದೆ ಹಿತ್ತಲಲ್ಲಿ ಕೆಂಪು ಮಣ್ಣು, ಹಟ್ಟಿ ಗೊಬ್ಬರ ಇರುತ್ತಿತ್ತು. ನೀರು ಹಾಕಿದರೆ ಇಂಗಿ ಹೋಗುತ್ತಿತ್ತು. ಈಗ ಗ್ರೋ ಬ್ಯಾಗಿನಲ್ಲಿ ಕೊಕೊಪೀಟ್ (ತೆಂಗಿನ ನಾರಿನ ಹುಡಿ) ಮತ್ತು ಎರೆಗೊಬ್ಬರವೇ ಜಾಸ್ತಿ. ಕೊಕೊಪೀಟ್ ತನ್ನ ತೂಕದ ಹಲವು ಪಟ್ಟು ನೀರು ಹಿಡಿದುಕೊಳ್ಳುತ್ತದೆ. ಮೇಲ್ಪದರ ಒಣಗಿ ತಿಳಿ ಬಣ್ಣಕ್ಕೆ ತಿರುಗಿದರೂ ಒಳಗೆ ಒದ್ದೆಯೇ ಇರುತ್ತದೆ. ಮೇಲೆ ಒಣಗಿದೆ ಅಂತ ನಾವು ಮತ್ತೆ ನೀರು ಹಾಕುತ್ತೇವೆ. ಹೀಗೆ ಮಣ್ಣು ಆರಲು ಒಂದು ದಿನವೂ ಸಿಗುವುದಿಲ್ಲ. ಒದ್ದೆಯಲ್ಲಿ ಬೂಷ್ಟು ಬೆಳೆಯುತ್ತದೆ. ಆ ಬೂಷ್ಟೇ ಈ ನೊಣದ ಮರಿಗಳ ಊಟ.

ಒಂದು ಹೆಣ್ಣು ನೊಣ ಒದ್ದೆ ಮಣ್ಣಿನ ಮೇಲ್ಪದರದಲ್ಲಿ ನೂರರಿಂದ ಇನ್ನೂರು ಮೊಟ್ಟೆ ಇಡುತ್ತದೆ. ನಾಲ್ಕರಿಂದ ಆರು ದಿನಕ್ಕೆ ಮರಿ ಬರುತ್ತದೆ. ಮರಿ ಎರಡು ವಾರ ಮಣ್ಣಿನಲ್ಲೇ ತಿಂದು ಬೆಳೆದು, ಕೋಶವಾಗಿ, ಮತ್ತೆ ನೊಣವಾಗಿ ಹೊರಬರುತ್ತದೆ. ಒಟ್ಟು ಮೂರರಿಂದ ನಾಲ್ಕು ವಾರದ ಸುತ್ತು. ಹಾರುವ ನೊಣದ ಆಯಸ್ಸು ಸುಮಾರು ಒಂದು ವಾರ. ಈ ಲೆಕ್ಕ ನೆನಪಿಟ್ಟುಕೊಳ್ಳಿ. ಯಾವ ಉಪಾಯ ಮಾಡಿದರೂ ನಾಲ್ಕು ವಾರ ಬಿಡದೆ ಮಾಡಬೇಕು ಅನ್ನುವುದಕ್ಕೆ ಕಾರಣ ಇದೇ.

ದೊಡ್ಡ ಗಿಡಕ್ಕೆ ಇದರಿಂದ ಅಂಥ ತೊಂದರೆ ಇಲ್ಲ. ಕಷ್ಟ ಆಗುವುದು ಸಸಿಗಳಿಗೆ. ಆಗಷ್ಟೇ ಮೊಳೆತ ಕೊತ್ತಂಬರಿ, ಮೆಂತ್ಯ, ಟ್ರೇಯಲ್ಲಿ ಹಾಕಿದ ಟೊಮೆಟೊ ಸಸಿ, ಬೇರು ಬರಲಿ ಅಂತ ನೆಟ್ಟ ಕಡ್ಡಿ, ಇವುಗಳ ಎಳೆ ಬೇರನ್ನು ಮರಿಗಳು ಕೆರೆದು ತಿನ್ನುತ್ತವೆ. ಮಣ್ಣು ಒದ್ದೆ ಇದ್ದರೂ ಸಸಿ ಬಾಡುತ್ತದೆ. ಬಾಡಿತಲ್ಲ ಅಂತ ಇನ್ನಷ್ಟು ನೀರು ಹಾಕಿದರೆ ಸಸಿ ಹೋಗಿಯೇ ಬಿಡುತ್ತದೆ.

ಮರಿ ಇದೆಯೋ ಇಲ್ಲವೋ ನೋಡಲು ಆಲೂಗಡ್ಡೆ ಸಾಕು. ಅರ್ಧ ಬೆರಳು ದಪ್ಪದ ಹೋಳು ಕತ್ತರಿಸಿ, ಹಸಿ ಭಾಗ ಕೆಳಗೆ ಬರುವ ಹಾಗೆ ಮಣ್ಣಿಗೆ ಒತ್ತಿ ಇಡಿ. ಎರಡು ಮೂರು ದಿನ ಬಿಟ್ಟು ಎತ್ತಿ ನೋಡಿ. ಹೋಳಿನ ಅಡಿಯಲ್ಲಿ ದಾರದಷ್ಟು ತೆಳ್ಳಗಿನ ಮರಿಗಳು ಮೆಲ್ಲಗೆ ಹೊರಳುತ್ತಿರುತ್ತವೆ. ಮೈ ಗಾಜಿನಷ್ಟು ಪಾರದರ್ಶಕ, ಒಳಗೆ ತಿಂದ ಮಣ್ಣಿನ ಕಪ್ಪು ಗೆರೆ ಕಾಣುತ್ತದೆ. ತಲೆ ಮಾತ್ರ ಕರ್ರಗೆ ಮಿನುಗುತ್ತದೆ. ಆ ಕಪ್ಪು ತಲೆ ಕಂಡರೆ ಅನುಮಾನವೇ ಬೇಡ. ಹೋಳನ್ನು ಮರಿ ಸಮೇತ ಚೀಲಕ್ಕೆ ಹಾಕಿ ಕಟ್ಟಿ ಬಿಸಾಡಿ, ಹೊಸ ಹೋಳು ಇಡಿ. ಒಂದೆರಡೇ ಕುಂಡ ಇರುವವರಿಗೆ ಇದೂ ಒಂದು ಚಿಕಿತ್ಸೆಯೇ.

ಈಗ ಕೆಲಸದ ಕ್ರಮ.

1. ನೀರು ಹಾಕುವುದನ್ನು ನಿಲ್ಲಿಸಿ. ಉಳಿದದ್ದೆಲ್ಲ ಇದರ ನಂತರ. ಬೆರಳನ್ನು ಎರಡನೇ ಗೆಣ್ಣಿನವರೆಗೆ ಮಣ್ಣಿಗೆ ಇಳಿಸಿ ನೋಡಿ. ಅಲ್ಲಿ ತಂಪು ತಗಲಿದರೆ ಅವತ್ತು ನೀರು ಬೇಡ. ದೊಡ್ಡ ಬ್ಯಾಗ್ ಆದರೆ ಒಂದು ಬದಿ ಎತ್ತಿ ತೂಕ ನೋಡಿ, ನಾಲ್ಕು ದಿನದಲ್ಲಿ ಕೈಗೆ ಅಂದಾಜು ಸಿಗುತ್ತದೆ. ಮೇಲಿನ ಎರಡು ಅಂಗುಲ ಚೆನ್ನಾಗಿ ಒಣಗಿದರೆ ಮೊಟ್ಟೆ, ಮರಿ ಎರಡೂ ಸಾಯುತ್ತವೆ. ನೀರು ಹಾಕುವುದಾದರೆ ಬೆಳಗ್ಗೆ ಹಾಕಿ, ಸಂಜೆಯೊಳಗೆ ಮೇಲ್ಪದರ ಆರಬೇಕು. ಜಡಿಮಳೆ ಇದ್ದರೆ ಸಸಿ ಟ್ರೇಗಳನ್ನು ಸೂರಿನ ಕೆಳಗೆ ಎಳೆದುಕೊಳ್ಳಿ.

2. ಮೇಲಿನ ಒಂದು ಅಂಗುಲ ಮಣ್ಣು ಕೆರೆದು ತೆಗೆಯಿರಿ. ಮೊಟ್ಟೆ, ಮರಿ ಹೆಚ್ಚಾಗಿ ಇರುವುದು ಅಲ್ಲೇ. ತೆಗೆದ ಮಣ್ಣನ್ನು ಹಾಳೆಯ ಮೇಲೆ ತೆಳ್ಳಗೆ ಹರಡಿ, ಬಿಸಿಲಿಗೆ ಎರಡು ಮೂರು ದಿನ ಒಣಗಿಸಿದರೆ ಮತ್ತೆ ಬಳಸಬಹುದು.

3. ಅದರ ಜಾಗಕ್ಕೆ ಅರ್ಧ ಅಂಗುಲ ದಪ್ಪ ಮರಳು ಹಾಕಿ. ಮರಳು ಬೇಗ ಆರುತ್ತದೆ, ನೊಣಕ್ಕೆ ಅಲ್ಲಿ ಮೊಟ್ಟೆ ಇಡಲು ಮನಸ್ಸಾಗುವುದಿಲ್ಲ. ಈಗ ಎಲ್ಲ ಕಡೆ ಎಂ-ಸ್ಯಾಂಡ್ (ಕಲ್ಲು ಪುಡಿ ಮಾಡಿ ತಯಾರಿಸುವ ಮರಳು) ಸಿಗುವುದರಿಂದ ಒಂದು ಎಚ್ಚರಿಕೆ: ಅದರಲ್ಲಿ ಕಲ್ಲಿನ ಹುಡಿ ಇರುತ್ತದೆ. ಹಾಗೇ ಹಾಕಿದರೆ ಒದ್ದೆಯಾಗಿ ಗಟ್ಟಿ ಹಪ್ಪಳ ಕಟ್ಟುತ್ತದೆ, ನೀರು ಇಳಿಯುವುದಿಲ್ಲ. ಬಕೆಟ್‌ನಲ್ಲಿ ಹಾಕಿ ಕಲಸಿ, ಹುಡಿ ನೀರು ಚೆಲ್ಲಿ, ದಪ್ಪ ಮರಳು ಮಾತ್ರ ಬಳಸಿ.

4. ಬೇವಿನ ಹಿಂಡಿ ಕೊಡಿ, ಆದರೆ ಮಣ್ಣಿನೊಳಗೆ ಬೆರೆಸಿ. ಮರಳು ಹಾಕುವ ಮೊದಲೇ ಈ ಕೆಲಸ ಮುಗಿಸಿ. ಹನ್ನೆರಡು ಅಂಗುಲದ ಬ್ಯಾಗಿಗೆ ಒಂದು ಹಿಡಿ ಸಾಕು. ಮೇಲೆ ಉದುರಿಸಿ ಬಿಟ್ಟರೆ ಮಳೆಗಾಲದಲ್ಲಿ ಎರಡೇ ದಿನಕ್ಕೆ ಹಿಂಡಿಯ ಮೇಲೆ ಬಿಳಿ ಬೂಷ್ಟು ಬರುತ್ತದೆ. ನೊಣದ ಮರಿಗೆ ಬೇಕಾದದ್ದೇ ಅದು. ಹಿಂಡಿ ಹಾಕಿದ ಮೇಲೆ ನೊಣ ಜಾಸ್ತಿ ಆಯಿತು ಅನ್ನುವವರ ಕುಂಡ ನೋಡಿದರೆ ಹೆಚ್ಚಾಗಿ ಹೀಗೇ ಆಗಿರುತ್ತದೆ.

5. ಇಷ್ಟಾದರೂ ಬಗ್ಗದಿದ್ದರೆ ಬಿಟಿಐ. ಇದು ಬ್ಯಾಸಿಲಸ್ ತುರಿಂಜಿಯೆನ್ಸಿಸ್ ಇಸ್ರೇಲೆನ್ಸಿಸ್ ಅನ್ನುವ ಬ್ಯಾಕ್ಟೀರಿಯಾ. 1976ರಲ್ಲಿ ಇಸ್ರೇಲಿನ ನೆಗೆವ್ ಮರುಭೂಮಿಯ ಒಂದು ಹೊಂಡದಲ್ಲಿ, ಸತ್ತ ಸೊಳ್ಳೆ ಮರಿಗಳಲ್ಲಿ ಸಿಕ್ಕಿದ್ದು. ನಮ್ಮಲ್ಲಿ ಪುದುಚೇರಿಯ ವೆಕ್ಟರ್ ಕಂಟ್ರೋಲ್ ರಿಸರ್ಚ್ ಸೆಂಟರ್ ಇದರ ದೇಶಿ ತಳಿಯೊಂದನ್ನು ಬೆಳೆಸಿದೆ. ಸೊಳ್ಳೆ ಮರಿಗೆ ಅಂತ ಮಾರುವ ಇದು ಫಂಗಸ್ ನ್ಯಾಟ್ ಮರಿಗಳನ್ನೂ ಕೊಲ್ಲುತ್ತದೆ. ಎರೆಹುಳಕ್ಕೆ, ಜೇನಿಗೆ, ನಮಗೆ ತೊಂದರೆ ಇಲ್ಲ. ಪೊಟ್ಟಣದಲ್ಲಿ ಹೇಳಿದ ಅಳತೆಯಲ್ಲಿ ನೀರಿಗೆ ಬೆರೆಸಿ, ನೀರು ಹಾಕುವ ದಿನವೇ ಮಣ್ಣಿಗೆ ಹಾಕಿ. ವಾರಕ್ಕೊಂದು ಸಲದಂತೆ ಮೂರು ನಾಲ್ಕು ವಾರ ಮಾಡಿ. ಕೊಳ್ಳುವಾಗ 'ಇಸ್ರೇಲೆನ್ಸಿಸ್' ಅನ್ನುವ ಪದ ಇದೆಯಾ ನೋಡಿ. 'ಕುರ್ಸ್ಟಾಕಿ' ಅಂತ ಇದ್ದರೆ ಅದು ಕಂಬಳಿಹುಳ, ಕಾಯಿಕೊರಕಕ್ಕೆ. ಈ ನೊಣಕ್ಕೆ ನಾಟುವುದಿಲ್ಲ.

ಅಂಟು ಕಾರ್ಡನ್ನು ಈ ನಾಲ್ಕೂ ವಾರ ಮಣ್ಣಿನ ಮಟ್ಟದಲ್ಲಿ ಮಲಗಿಸಿಯೇ ಇಡಿ. ಮೂಲೆಯಲ್ಲಿ ತಾರೀಕು ಬರೆಯಿರಿ. ಕಾರ್ಡು ಒಂದಷ್ಟು ನೊಣ ಹಿಡಿಯುತ್ತದೆ ನಿಜ, ಆದರೆ ಅದರ ದೊಡ್ಡ ಉಪಯೋಗ ಲೆಕ್ಕಕ್ಕೆ. ಹೋದ ವಾರದ ಕಾರ್ಡಿಗಿಂತ ಈ ವಾರದ್ದರಲ್ಲಿ ಕಡಿಮೆ ಇದ್ದರೆ ನೀವು ಮಾಡುತ್ತಿರುವುದು ಸರಿ ಅಂತ ಅರ್ಥ. ಮೊದಲ ವಾರ ಏನೂ ಕಡಿಮೆಯಾಗದಿದ್ದರೆ ಬೇಜಾರು ಮಾಡಿಕೊಳ್ಳಬೇಡಿ. ಒಳಗಿದ್ದ ಕೋಶಗಳು ಹೊರಬಂದೇ ಬರುತ್ತವೆ.

ಅರಿಶಿನ ಉದುರಿಸುವುದು, ದಾಲ್ಚಿನ್ನಿ ಪುಡಿ, ಕಾಫಿ ಚರಟ, ಇವೆಲ್ಲ ಬಹಳ ಹರಿದಾಡುವ ಉಪಾಯಗಳು. ಮಣ್ಣು ಒದ್ದೆ ಇರುವ ತನಕ ಇವು ಯಾವುದರಿಂದಲೂ ಪ್ರಯೋಜನ ಇಲ್ಲ. ಒದ್ದೆ ಕಾಫಿ ಚರಟದ ಮೇಲಂತೂ ಬೂಷ್ಟು ಇನ್ನೂ ಚೆನ್ನಾಗಿ ಬೆಳೆಯುತ್ತದೆ.

ಇನ್ನೊಂದು ಮಾತು, ಇದನ್ನು ಹೇಳಿದರೆ ಕೆಲವರಿಗೆ ಬೇಸರ ಆಗುತ್ತದೆ. ಅಕ್ಕಿ ತೊಳೆದ ನೀರು, ಬಾಳೆಸಿಪ್ಪೆ ನೆನೆಸಿದ ನೀರು, ಹುಳಿ ಮಜ್ಜಿಗೆ, ಹಾಲು ಸಕ್ಕರೆ ಬೆರೆತ ಟೀ ಚರಟ, ಇವನ್ನು ದಿನಾ ಕುಂಡಕ್ಕೆ ಸುರಿಯುವ ಅಭ್ಯಾಸ ನಮ್ಮಲ್ಲಿ ಇದೆ. ನೆಲದ ಗಿಡಕ್ಕಾದರೆ ನಡೆಯುತ್ತದೆ. ಹತ್ತು ಲೀಟರಿನ ಕುಂಡಕ್ಕೆ ಅದು ಜಾಸ್ತಿ. ಸಕ್ಕರೆ, ಗಂಜಿ ಸೇರಿದ ಒದ್ದೆ ಮಣ್ಣಿಗೆ ಎಲ್ಲ ಜಾತಿಯ ನೊಣಗಳೂ ಬರುತ್ತವೆ. ಬೆಲ್ಲ, ಕಡಲೆಹಿಟ್ಟು ಬಿದ್ದ ಜೀವಾಮೃತ ಅನ್ನುವ ದ್ರವ ಗೊಬ್ಬರಕ್ಕೂ ಈ ಮಾತು ಅನ್ವಯಿಸುತ್ತದೆ. ನೊಣ ಹೋಗುವ ತನಕ ಇವನ್ನೆಲ್ಲ ಕಾಂಪೋಸ್ಟ್ ಡಬ್ಬಕ್ಕೆ ಹಾಕಿ, ಕುಂಡಕ್ಕೆ ಬರೀ ನೀರು ಕೊಡಿ.

ಕುಂಡದ ಕೆಳಗಿನ ತಟ್ಟೆಯ ನೀರನ್ನು ಅರ್ಧ ಗಂಟೆಯೊಳಗೆ ಚೆಲ್ಲಿ. ನೊಣಕ್ಕಿಂತ ದೊಡ್ಡ ಕಾರಣ ಇದಕ್ಕಿದೆ. ಡೆಂಗ್ಯೂ ಹರಡುವ ಈಡಿಸ್ ಸೊಳ್ಳೆ ಇಂಥ ತಟ್ಟೆಗಳಲ್ಲೇ ಮೊಟ್ಟೆ ಇಡುತ್ತದೆ, ಸುಮಾರು ಒಂದು ವಾರದಿಂದ ಹತ್ತು ದಿನದಲ್ಲಿ ಸೊಳ್ಳೆಯಾಗಿ ಹಾರುತ್ತದೆ.

ಮುಂದಿನ ಸಲ ಮಣ್ಣು ಕಲಸುವಾಗ ಮಳೆಗಾಲದ ಲೆಕ್ಕ ಬೇರೆ ಇರಲಿ. ಬೇಸಿಗೆಗೆ ಒಂದು ಪಾಲು ಕೊಕೊಪೀಟ್ ಹಾಕುತ್ತಿದ್ದರೆ ಮಳೆಗಾಲಕ್ಕೆ ಅರ್ಧ ಸಾಕು. ಉಳಿದ ಅರ್ಧಕ್ಕೆ ದಪ್ಪ ಮರಳು ಅಥವಾ ಭತ್ತದ ಹೊಟ್ಟು ಸೇರಿಸಿ. ಗೊಬ್ಬರ ಪೂರ್ತಿ ಕಳಿತಿರಬೇಕು. ಕೈಗೆ ತೆಗೆದುಕೊಂಡರೆ ಮಣ್ಣಿನ ವಾಸನೆ ಬರಬೇಕು. ಹುಳಿ ವಾಸನೆ ಬಂದರೆ ಇನ್ನೊಂದು ತಿಂಗಳು ಬಿಡಿ.

ಕಾಂಪೋಸ್ಟ್ ಡಬ್ಬದ ನೊಣ

ಇಲ್ಲಿ ವಿಷಯ ಸುಲಭ. ಡಬ್ಬದಲ್ಲಿ ಹಸಿ ಜಾಸ್ತಿ, ಒಣದ್ದು ಕಡಿಮೆ ಇದೆ. ಸಿಪ್ಪೆ ಮೇಲೇ ತೆರೆದು ಬಿದ್ದಿದೆ. ಡ್ರೊಸೊಫಿಲಾ ಮೊಟ್ಟೆಯಿಂದ ನೊಣ ಆಗಲು ನಮ್ಮ ಹವೆಯಲ್ಲಿ ಎಂಟು ಹತ್ತು ದಿನ ಸಾಕು. ಹಾಗಾಗಿ ಒಂದು ವಾರ ಅಸಡ್ಡೆ ಮಾಡಿದರೆ ಮುಂದಿನ ವಾರ ಡಬ್ಬ ತೆರೆಯಲು ಆಗದಷ್ಟು ಆಗುತ್ತವೆ. ಹಣ್ಣಿನ ಸಿಪ್ಪೆಯಲ್ಲಿ ಮೊಟ್ಟೆ ಮೊದಲೇ ಇರಬಹುದು ಅನ್ನುವುದೂ ನೆನಪಿರಲಿ. ಬಾಳೆ, ಮಾವು, ಹಲಸು, ಪಪ್ಪಾಯಿ ಸಿಪ್ಪೆಯ ಮೇಲೆ ಕುದಿನೀರು ಹುಯ್ದು, ನೀರು ಬಸಿದು ಡಬ್ಬಕ್ಕೆ ಹಾಕಿ.

ಪ್ರತಿ ಸಲ ಹಸಿ ಕಸ ಹಾಕಿದ ಮೇಲೆ ಎರಡು ಅಂಗುಲ ಒಣ ಎಲೆ ಮುಚ್ಚಿ. ಒಂದು ಸಿಪ್ಪೆಯೂ ಕಾಣಬಾರದು. ಎಲೆ ಇಲ್ಲದಿದ್ದರೆ ಒಣ ಕೊಕೊಪೀಟ್, ಮರದ ಹುಡಿ, ಹರಿದ ರಟ್ಟು ಯಾವುದಾದರೂ ಆಗುತ್ತದೆ. ಬೆಂಗಳೂರಿನ ರಸ್ತೆಗಳಲ್ಲಿ ಫೆಬ್ರುವರಿ, ಮಾರ್ಚ್‌ನಲ್ಲಿ ಹೊಂಗೆ ಮರಗಳು ಎಲೆ ಉದುರಿಸುತ್ತವೆ. ಆಗಲೇ ನಾಲ್ಕೈದು ಗೋಣಿಚೀಲ ತುಂಬಿಸಿ ಇಟ್ಟುಕೊಂಡರೆ ಇಡೀ ಮಳೆಗಾಲಕ್ಕೆ ಚಿಂತೆ ಇರುವುದಿಲ್ಲ. ಮಳೆ ಬಂದ ಮೇಲೆ ಒಣ ಎಲೆ ಹುಡುಕಿದರೆ ಸಿಗುವುದಿಲ್ಲ.

ಡಬ್ಬದ ಒಳಗಿನ ಒಂದು ಹಿಡಿ ತೆಗೆದು ಗಟ್ಟಿಯಾಗಿ ಹಿಂಡಿ. ಒಂದೆರಡು ಹನಿ ಬಂದರೆ ಸರಿ. ನೀರು ಸುರಿದರೆ ಒದ್ದೆ ಜಾಸ್ತಿ. ಆಗ ಒಣ ಎಲೆ ಸೇರಿಸಿ ತಳದಿಂದ ಮೇಲಕ್ಕೆ ಒಮ್ಮೆ ಕೆದಕಿ. ಮುಚ್ಚಳದ ಕೆಳಗೆ ಹಳೆ ಹತ್ತಿ ಬಟ್ಟೆ ಬಿಗಿದು ಕಟ್ಟಿದರೆ ಗಾಳಿ ಆಡುತ್ತದೆ, ನೊಣ ಒಳಗೆ ಹೋಗುವುದಿಲ್ಲ.

ಸುತ್ತ ಹಾರುವವಕ್ಕೆ ಬಟ್ಟಲು ಇಡಿ. ಅರ್ಧ ಲೋಟ ವಿನೆಗರ್, ಸ್ವಲ್ಪ ಸಕ್ಕರೆ, ಎರಡು ಹನಿ ಪಾತ್ರೆ ತೊಳೆಯುವ ಸೋಪು. ಸೋಪು ಮರೆಯಬೇಡಿ. ಅದಿಲ್ಲದಿದ್ದರೆ ನೊಣ ನೀರಿನ ಮೇಲೆ ಕೂತು, ಕುಡಿದು, ಎದ್ದು ಹೋಗುತ್ತದೆ.

ಡಬ್ಬದಲ್ಲಿ ಅಕ್ಕಿಗಿಂತ ದೊಡ್ಡ, ಚಪ್ಪಟೆ, ಕಂದು ಬಣ್ಣದ ಹುಳಗಳು ಒಟ್ಟಾಗಿ ಕೊರೆಯುತ್ತಿದ್ದರೆ ಗಾಬರಿ ಬೇಡ. ಅವು ಬ್ಲ್ಯಾಕ್ ಸೋಲ್ಜರ್ ನೊಣದ ಮರಿಗಳು. ಹಸಿ ಕಸವನ್ನು ಬಹಳ ಬೇಗ ತಿಂದು ಮುಗಿಸುತ್ತವೆ, ಮನೆಯೊಳಗೆ ಬಂದು ಊಟದ ಮೇಲೆ ಕೂರುವ ಜಾತಿ ಅಲ್ಲ. ನಾನಂತೂ ಅವು ಇದ್ದರೆ ಖುಷಿ ಪಡುತ್ತೇನೆ.

ಎಲೆಯಡಿಯ ಬಿಳಿ ನೊಣ

ಮೇಲಿನ ಎರಡೂ ಕಿರಿಕಿರಿ. ಇದು ನಷ್ಟ. ಬಿಳಿ ನೊಣ ಎಲೆಯ ರಸ ಹೀರುತ್ತದೆ, ಅಂಟು ಸಿಹಿ ದ್ರವ ಬಿಡುತ್ತದೆ. ಅದಕ್ಕೆ ಇರುವೆ ಬರುತ್ತದೆ, ಎಲೆ ಮೇಲೆ ಕಪ್ಪು ಬೂಷ್ಟು ಕಟ್ಟುತ್ತದೆ. ಅದಕ್ಕಿಂತ ದೊಡ್ಡ ತೊಂದರೆ ನಂಜು (ವೈರಸ್) ರೋಗ. ಟೊಮೆಟೊದ ಎಲೆ ಮುಟುರು, ಬೆಂಡೆಯ ಹಳದಿ ನರ ರೋಗ ಎರಡನ್ನೂ ಗಿಡದಿಂದ ಗಿಡಕ್ಕೆ ದಾಟಿಸುವುದು ಇದೇ. ತುದಿ ಎಲೆ ಚಿಕ್ಕದಾಗಿ ಮುದುಡಿ ಗಿಡ ಗಿಡ್ಡ ಆದ ಟೊಮೆಟೊಗೆ, ಎಲೆಯ ನರ ಪೂರ್ತಿ ಹಳದಿಯಾದ ಬೆಂಡೆಗೆ ಮದ್ದಿಲ್ಲ. ಮನಸ್ಸು ಗಟ್ಟಿ ಮಾಡಿ ಕಿತ್ತು ಚೀಲಕ್ಕೆ ಹಾಕಿ. ಒಂದು ಗಿಡ ಉಳಿಸಲು ಹೋಗಿ ಪಕ್ಕದ ಹತ್ತು ಗಿಡ ಕಳೆದುಕೊಳ್ಳುವುದು ಬೇಡ, ಅಲ್ವಾ?

ಗಿಡ ಚೆನ್ನಾಗಿದ್ದು ನೊಣ ಮಾತ್ರ ಇದ್ದರೆ ಹೀಗೆ ಮಾಡಿ. ಮೊದಲು ಬೆಳಗ್ಗೆ ಎಲೆಯಡಿಗೆ ನೀರಿನ ಪೈಪ್ ಹಿಡಿಯಿರಿ. ಗಿಡ ಮುರಿಯದಷ್ಟು ರಭಸ ಸಾಕು. ತುಂಬ ಮರಿ ಕೂತ ಹಳೇ ಕೆಳ ಎಲೆಗಳನ್ನು ಕತ್ತರಿಸಿ ತೆಗೆಯಿರಿ. ಅವತ್ತು ಸಂಜೆ ಬೇವಿನ ಎಣ್ಣೆ ಸಿಂಪಡಿಸಿ. ಒಂದು ಲೀಟರ್ ನೀರಿಗೆ 3ರಿಂದ 5 ಮಿಲಿಲೀಟರ್ ಬೇವಿನ ಎಣ್ಣೆ, ಒಂದೆರಡು ಮಿಲಿಲೀಟರ್ ದ್ರವ ಸೋಪು. ಎಣ್ಣೆಯನ್ನು ಮೊದಲು ಸೋಪಿನ ಜೊತೆ ಕಲಸಿ, ಹಾಲಿನ ಬಣ್ಣ ಬಂದ ಮೇಲೆ ನೀರು ಸೇರಿಸಿ. ಕಲಸಿದ್ದನ್ನು ಅವತ್ತೇ ಖಾಲಿ ಮಾಡಿ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ರೂಪಿಸಿದ ಬೇವಿನ ಸೋಪು, ಹೊಂಗೆ ಸೋಪು ಸಿಕ್ಕರೆ ಇನ್ನೂ ಸುಲಭ, ಕಲಸುವ ತಾಪತ್ರಯ ಇಲ್ಲ.

ಸಿಂಪಡಿಸುವಾಗ ನಳಿಕೆ ಕೆಳಗಿನಿಂದ ಮೇಲಕ್ಕೆ ಇರಲಿ. ಹುಳ ಇರುವುದು ಎಲೆಯಡಿಯಲ್ಲಿ, ನಾವು ಹೊಡೆಯುವುದು ಎಲೆಯ ಮೇಲೆ. ಮದ್ದು ಕೆಲಸ ಮಾಡಲಿಲ್ಲ ಅನ್ನುವ ಮಾತು ಹೆಚ್ಚಾಗಿ ಇಲ್ಲಿಂದಲೇ ಬರುತ್ತದೆ. ಮೊದಲ ಸಲ ಒಂದೇ ಕೊಂಬೆಗೆ ಹೊಡೆದು ಒಂದು ದಿನ ಕಾಯಿರಿ. ಎಲೆ ಸುಟ್ಟ ಹಾಗೆ ಆದರೆ ಅಳತೆ ಕಡಿಮೆ ಮಾಡಿ. ಬಿಸಿಲಲ್ಲಿ ಯಾವತ್ತೂ ಹೊಡೆಯಬೇಡಿ. ಐದರಿಂದ ಏಳು ದಿನಕ್ಕೊಮ್ಮೆ ಮೂರು ನಾಲ್ಕು ಸಲ ಮಾಡಲೇಬೇಕು, ಯಾಕೆಂದರೆ ಮೊಟ್ಟೆಗೆ ಬೇವಿನ ಎಣ್ಣೆ ಅಷ್ಟಾಗಿ ತಾಗುವುದಿಲ್ಲ. ಒಡೆದು ಬಂದ ಮರಿಗಳನ್ನು ಮುಂದಿನ ಸಿಂಪಡಣೆ ಹಿಡಿಯಬೇಕು.

ಹಳದಿ ಕಾರ್ಡು ಇಲ್ಲಿ ಗಿಡದ ತುದಿಗಿಂತ ಸ್ವಲ್ಪ ಮೇಲೆ ಇರಲಿ. ಆದರೆ ತಿಂಗಳುಗಟ್ಟಲೆ ನೇತು ಹಾಕಬೇಡಿ. ಗುಲಗಂಜಿ ಹುಳ, ಸಣ್ಣ ಕಣಜ, ಜೇನು ಎಲ್ಲ ಅದಕ್ಕೆ ಅಂಟುತ್ತವೆ. ಇವು ನಮ್ಮ ಕೆಲಸ ಮಾಡಿಕೊಡುವ ಹುಳಗಳು. ಬಿಳಿ ನೊಣ ಕಡಿಮೆಯಾದ ದಿನ ಕಾರ್ಡು ಇಳಿಸಿ.

ಟೊಮೆಟೊ ಸಸಿಯನ್ನು ಮೊದಲ ಒಂದು ತಿಂಗಳು 40 ಮೆಶ್ (ಅಂಗುಲಕ್ಕೆ 40 ಕಣ್ಣಿರುವ) ನೈಲಾನ್ ಪರದೆಯೊಳಗೆ ಬೆಳೆಸಿದರೆ ಅರ್ಧ ಗೆದ್ದ ಹಾಗೆ. ಎಳೆಯದರಲ್ಲಿ ನಂಜು ತಗಲಿದ ಗಿಡ ಕಾಯಿ ಕೊಡುವುದೇ ಇಲ್ಲ. ಪ್ರತಿ ವರ್ಷ ಮುಟುರು ರೋಗ ಬರುವ ಜಾಗವಾದರೆ ತಳಿ ಬದಲಿಸಿ. ಅದೇ ಹೆಸರಘಟ್ಟ ಸಂಸ್ಥೆಯ ಅರ್ಕ ರಕ್ಷಕ್ ಟೊಮೆಟೊ ಎಲೆ ಮುಟುರು, ಸೊರಗು ರೋಗ, ಅಂಗಮಾರಿ ಮೂರನ್ನೂ ತಡೆಯುವ ಹೈಬ್ರಿಡ್. ಹೈಬ್ರಿಡ್ ಆದ್ದರಿಂದ ಬೀಜ ಉಳಿಸಿಕೊಳ್ಳಲು ಆಗುವುದಿಲ್ಲ. ಬೆಂಡೆಯಲ್ಲಿ ಅರ್ಕ ಅನಾಮಿಕ ಹಳದಿ ರೋಗ ತಡೆಯುವ ತಳಿ ಅಂತಲೇ ಬಂದದ್ದು. ಈಗ ಕೆಲವು ಕಡೆ ಅದಕ್ಕೂ ರೋಗ ತಗಲುತ್ತಿದೆ, ಆದರೂ ಅಂಗಡಿಯ ಹೆಸರಿಲ್ಲದ ಬೀಜಕ್ಕಿಂತ ವಾಸಿ.

ಮನೆ ಮುಂದೆ ತೆಂಗಿನ ಮರ ಇರುವವರಿಗೆ ಒಂದು ಮಾತು. ಗರಿಯಡಿಯಲ್ಲಿ ಬಿಳಿ ಸುರುಳಿ ಸುರುಳಿ ಗುರುತು, ಕೆಳಗಿನ ಗಿಡಗಳ ಮೇಲೆಲ್ಲ ಕಪ್ಪು ಮಸಿ ಕಂಡರೆ ಅದು ಸುರುಳಿ ಬಿಳಿ ನೊಣ. 2016ರಲ್ಲಿ ತಮಿಳುನಾಡಿನ ಪೊಳ್ಳಾಚಿ ಮತ್ತು ಕೇರಳದಲ್ಲಿ ಮೊದಲು ಕಂಡದ್ದು, ಈಗ ನಮ್ಮಲ್ಲೂ ಇದೆ. ಇದಕ್ಕೆ ರಾಸಾಯನಿಕ ಹೊಡೆಯಲೇಬೇಡಿ. ಎನ್ಕಾರ್ಸಿಯಾ ಅನ್ನುವ ಕಣ್ಣಿಗೆ ಕಾಣದಷ್ಟು ಸಣ್ಣ ಕಣಜ ಇದರ ಮರಿಯೊಳಗೆ ಮೊಟ್ಟೆ ಇಟ್ಟು ಕೊಲ್ಲುತ್ತದೆ. ವಿಷ ಹೊಡೆದರೆ ಮೊದಲು ಸಾಯುವುದು ಆ ಕಣಜ. ಕಪ್ಪು ಮಸಿಗೆ ತೆಳು ಗಂಜಿ ನೀರು ಸಿಂಪಡಿಸಿ. ಒಣಗಿದಾಗ ಮಸಿ ಸಿಪ್ಪೆ ಎದ್ದು ಉದುರುತ್ತದೆ.

ಇನ್ನು ಕೆಲವು, ಚಿಕ್ಕದಾಗಿ

ಟೊಮೆಟೊ, ಹುರುಳಿಕಾಯಿ, ಅಲಸಂದೆ ಎಲೆಯಲ್ಲಿ ಬಿಳಿ ಗೆರೆ ಸುತ್ತಾಡಿದ್ದರೆ ಅದು ರಂಗೋಲಿ ಹುಳ. ಅದರ ತಾಯಿ ಎರಡು ಮಿಲಿಮೀಟರಿನ ಕಪ್ಪು ಹಳದಿ ನೊಣ. ಗೆರೆ ಮುಗಿಯುವ ತುದಿಯಲ್ಲಿ ಮರಿ ಇರುತ್ತದೆ, ಉಗುರಿನಿಂದ ಒತ್ತಿ ಕೊಲ್ಲಿ. ತುಂಬಾ ಗೆರೆ ಇರುವ ಎಲೆ ಕಿತ್ತು ಹಾಕಿ. ಅಷ್ಟೇ ಸಾಕು.

ಮಲ್ಲಿಗೆ ಮೊಗ್ಗು ಬುಡದಲ್ಲಿ ಊದಿ, ನೇರಳೆ ಬಣ್ಣಕ್ಕೆ ತಿರುಗಿ ಉದುರುತ್ತಿದ್ದರೆ ಮೊಗ್ಗಿನೊಳಗೆ ನೊಣದ ಮರಿ ಇದೆ. ಬಣ್ಣ ತಿರುಗಿದ ಮೊಗ್ಗುಗಳನ್ನು ಬಿಡಿಸಿ ನಾಶ ಮಾಡಿ. ಗಿಡದ ಬುಡಕ್ಕೆ ಬೀಳಲು ಬಿಟ್ಟರೆ ಮರಿ ಮಣ್ಣಿಗಿಳಿದು ಕೋಶ ಕಟ್ಟುತ್ತದೆ. ಬುಡದ ಮಣ್ಣು ಕೆದಕಿ ಬೇವಿನ ಹಿಂಡಿ ಬೆರೆಸಿ.

ಹೀರೆ, ಹಾಗಲ, ಸೌತೆಯ ಎಳೆ ಕಾಯಿ ಸೊಟ್ಟಗಾಗಿ ಒಳಗೆ ಹುಳ ಬಿದ್ದರೆ ಅದು ಹಣ್ಣು ನೊಣದ ಕೆಲಸ. ಇದು ಸ್ವಲ್ಪ ದೊಡ್ಡದು, ಗುಂಪಾಗಿ ಕಾಣುವುದಿಲ್ಲ. ಹೂ ಬಾಡಿದ ಕೂಡಲೇ ಕಾಯಿಗೆ ಕಾಗದದ ಚೀಲ ಕಟ್ಟಿ. ಕೆಟ್ಟ ಕಾಯಿಯನ್ನು ಕಾಂಪೋಸ್ಟ್‌ಗೆ ಹಾಕಬೇಡಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಬಿಸಿಲಿಗಿಡಿ. ಬಲೆ ಕೊಳ್ಳುವುದಾದರೆ ಬಳ್ಳಿ ತರಕಾರಿಗೆ ಕ್ಯೂ ಲ್ಯೂರ್, ಮಾವು ಸೀಬೆಗೆ ಮಿಥೈಲ್ ಯುಜಿನಾಲ್ ಅಂತ ಕೇಳಿ. ಒಂದು ಇನ್ನೊಂದಕ್ಕೆ ಆಗುವುದಿಲ್ಲ. ಎರಡೂ ಗಂಡು ನೊಣವನ್ನು ಮಾತ್ರ ಸೆಳೆಯುತ್ತವೆ, ಹಾಗಾಗಿ ಬಲೆ ಇದ್ದರೂ ಚೀಲ ಬೇಕು.

ಸುಮ್ಮನೆ ಬಿಡಬೇಕಾದವು

ಸಂಜೆ ಹೊತ್ತು ತಲೆಯ ಮೇಲೆ ಒಂದೇ ಜಾಗದಲ್ಲಿ ಏಳುತ್ತ ಇಳಿಯುತ್ತ ಗುಂಪು ಕಟ್ಟುವ ಸಣ್ಣ ಹುಳಗಳು ಗಿಡಕ್ಕೂ ನಮಗೂ ಏನೂ ಮಾಡುವುದಿಲ್ಲ. ಕೆರೆ, ನಿಂತ ನೀರಿನ ಹತ್ತಿರ ಜಾಸ್ತಿ. ಗಂಡುಗಳು ಜೊತೆ ಹುಡುಕಿಕೊಂಡು ಹೀಗೆ ಸೇರುತ್ತವೆ. ದೀಪ ಆರಿಸಿದರೆ ಮನೆ ಕಡೆ ಬರುವುದು ಕಡಿಮೆ ಆಗುತ್ತದೆ.

ದಕ್ಷಿಣ ಕನ್ನಡದ ಅಡಿಕೆ ತೋಟದಲ್ಲಿ ಕೊಕ್ಕೊ ಬೆಳೆಯುವವರಿಗೆ ಇನ್ನೊಂದು ಸಂಗತಿ ಗೊತ್ತಿರಬೇಕು. ಕೊಕ್ಕೊ ಹೂವಿಗೆ ಪರಾಗ ಮುಟ್ಟಿಸುವುದು ಜೇನಲ್ಲ. ಗುಂಡುಸೂಜಿಯ ತಲೆಯಷ್ಟೇ ಇರುವ ಮಿಜ್ ಅನ್ನುವ ನೊಣ. ಬುಡದಲ್ಲಿ ಕೊಳೆಯುವ ಎಲೆ, ಕೊಕ್ಕೊ ಸಿಪ್ಪೆಯಲ್ಲೇ ಅದು ಹುಟ್ಟುವುದು. ಅಲ್ಲಿ ಸ್ವಚ್ಛ ಮಾಡಿ ವಿಷ ಹೊಡೆದರೆ ಕಾಯಿ ಕಟ್ಟುವುದೇ ಕಡಿಮೆ ಆಗುತ್ತದೆ.

ಮನೆಯೊಳಗೆ ಸೊಳ್ಳೆಗೆ ಹೊಡೆಯುವ ಸ್ಪ್ರೇ ಡಬ್ಬಿಯನ್ನು ಮಾತ್ರ ತೋಟಕ್ಕೆ ತರಬೇಡಿ. ನಾಳೆ ನೀವೇ ತಿನ್ನುವ ಸೊಪ್ಪು ಅದು. ಲೇಬಲ್ ಇಲ್ಲದೆ ಬಾಟಲಿಗೆ ಸುರಿದು ಕೊಡುವ ಔಷಧಿಯನ್ನೂ ಕೊಳ್ಳಬೇಡಿ.

ಹೊಸ ಗಿಡ ಬಂದಾಗ

ತಿಂಗಳು ಕಷ್ಟಪಟ್ಟು ನೊಣ ಓಡಿಸಿದ ತೋಟಕ್ಕೆ ಅದು ಮತ್ತೆ ಬರುವುದು ಹೆಚ್ಚಾಗಿ ನರ್ಸರಿ ಗಿಡದ ಜೊತೆ. ಕೊಳ್ಳುವಾಗಲೇ ಎಲೆ ತಿರುಗಿಸಿ ಅಡಿ ನೋಡಿ, ಕವರನ್ನು ತಟ್ಟಿ ನೋಡಿ. ತಂದ ಗಿಡವನ್ನು ಎರಡರಿಂದ ಮೂರು ವಾರ ಉಳಿದ ಕುಂಡಗಳಿಂದ ದೂರ ಇಡಿ, ಆದರೆ ಬಿಸಿಲು ಬೀಳುವ ಕಡೆ. ಪಕ್ಕದಲ್ಲಿ ಒಂದು ಹಳದಿ ಕಾರ್ಡು, ಮಣ್ಣಿನ ಮೇಲೆ ಒಂದು ಆಲೂಗಡ್ಡೆ ಹೋಳು ಇರಲಿ. ಹೊಸ ಎರೆಗೊಬ್ಬರ, ಕೊಕೊಪೀಟ್ ಚೀಲಕ್ಕೂ ಇದೇ ಪರೀಕ್ಷೆ: ಒಂದು ಬೊಗಸೆ ತೆಗೆದು, ಒದ್ದೆ ಮಾಡಿ, ಪಾರದರ್ಶಕ ಡಬ್ಬದಲ್ಲಿ ಹಾಕಿ, ಬಾಯಿಗೆ ತೆಳು ಬಟ್ಟೆ ಕಟ್ಟಿ ಮೂರು ವಾರ ಇಡಿ. ಡಬ್ಬದೊಳಗೆ ನೊಣ ಹಾರಿದರೆ ಆ ಚೀಲವನ್ನು ಪೂರ್ತಿ ಬಿಸಿಲಿಗೆ ಹರಡಿ ಒಣಗಿಸಿ, ಆಮೇಲಷ್ಟೇ ಕುಂಡಕ್ಕೆ ಹಾಕಿ.